ಕೆಲಸ ಬಿಡುವ ಮೊದಲು ಸಿಎಸ್50: ಕರಾವಳಿಯಿಂದ ಐಟಿಗೆ ಹೊರಟವರಿಗೆ ಈ ಕೋರ್ಸ್ ಎಷ್ಟು ಉಪಯೋಗ?

ಬ್ಯಾಂಕು, ಆಡಿಟರ್ ಆಫೀಸು, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರು, ಖಾಸಗಿ ಶಾಲೆ, ಗಲ್ಫಿನ ಸ್ಟೋರ್ ಕೀಪರ್ ಕೆಲಸ. ಇವುಗಳಲ್ಲಿ ನಾಲ್ಕೈದು ವರ್ಷ ದುಡಿದು ‘ಇನ್ನು ಐಟಿಗೆ ಹೋದರೆ ಹೇಗೆ’ ಎಂದು ಯೋಚಿಸುವವರು ಮಂಗಳೂರಿನಲ್ಲೂ ಉಡುಪಿಯಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ಹೆಚ್ಚಿನವರು ಮೊದಲು ಮಾಡುವುದು ಹಂಪನಕಟ್ಟೆಯಲ್ಲೋ ಕಲ್ಸಂಕದ ಹತ್ತಿರವೋ ಒಂದು ತರಬೇತಿ ಸಂಸ್ಥೆಯ ಮೆಟ್ಟಿಲು ಹತ್ತಿ ಫೀಸು ವಿಚಾರಿಸುವ ಕೆಲಸ. ನಮ್ಮ ಪ್ರಕಾರ ಅದು ಎರಡನೇ ಹೆಜ್ಜೆ. ಖಾಲಿ ಪರದೆಯ ಮುಂದೆ ಕೂತು ಒಂದು ಲೆಕ್ಕವನ್ನು ಪ್ರೋಗ್ರಾಂ ಆಗಿ ಬರೆಯುವುದು ನಿಮಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ದುಡ್ಡು ಕೊಡದೆ, ಕೈಯಲ್ಲಿರುವ ಕೆಲಸ ಬಿಡದೆ ತಿಳಿದುಕೊಳ್ಳುವುದು ಮೊದಲನೆಯದು. ಆ ಒಂದು ಕಾರಣಕ್ಕಾಗಿ ನಾವು ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಕೋರ್ಸನ್ನು ಎಲ್ಲಕ್ಕಿಂತ ಮುಂದೆ ಇಡುತ್ತೇವೆ. ಅದರ ಕೊರತೆಗಳೂ ಕಡಿಮೆಯಲ್ಲ. ಎರಡನ್ನೂ ಇಲ್ಲಿ ಬಿಡಿಸಿ ಹೇಳಿದ್ದೇವೆ.

ಕ್ಯಾಂಪಸ್ಸಿನಲ್ಲಿ ಡೇವಿಡ್ ಮಲನ್ ಮಾಡುವ ಕಂಪ್ಯೂಟರ್ ಸೈನ್ಸ್ ಪರಿಚಯ ಪಾಠದ ಆನ್‌ಲೈನ್ ರೂಪಕ್ಕೆ ಸಿಎಸ್50ಎಕ್ಸ್ ಎಂದು ಹೆಸರು. ಪಾಠ, ಪ್ರಾಬ್ಲಮ್ ಸೆಟ್ (ಪ್ರತಿ ವಾರ ಬಿಡಿಸಿ ಒಪ್ಪಿಸಬೇಕಾದ ಲೆಕ್ಕಗಳು), ಉತ್ತರ ಪರೀಕ್ಷಿಸುವ ವ್ಯವಸ್ಥೆ, ಕೊನೆಗೆ ಸಿಎಸ್50ರ ಪ್ರಮಾಣಪತ್ರ, ಎಲ್ಲವೂ ಉಚಿತ. ಬೇಕಾದದ್ದು ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಒಂದು ಖಾತೆ ಮಾತ್ರ. ಇದೇ ಕೋರ್ಸ್ ಎಡ್‌ಎಕ್ಸ್ ತಾಣದಲ್ಲೂ ಇದೆ. ಅಲ್ಲಿ ದುಡ್ಡು ಕೊಟ್ಟರೆ ‘ವೆರಿಫೈಡ್’ ಎಂಬ ಬೇರೆ ಪ್ರಮಾಣಪತ್ರ ಕೊಡುತ್ತಾರೆ. ಪಾಠದಲ್ಲಿ ವ್ಯತ್ಯಾಸವಿಲ್ಲ, ಹಾಗಾಗಿ ಕೊಡುವ ಅಗತ್ಯವೂ ಇಲ್ಲ. ಗಿಟ್‌ಹಬ್ ಖಾತೆ ತೆರೆಯುವಾಗ ಹೆಸರನ್ನು ಸ್ವಲ್ಪ ಯೋಚಿಸಿ ಇಡಿ. ನಡುವೆ ಬದಲಿಸಿದರೆ ಅಂಕಗಳ ಪಟ್ಟಿ ಹಳೆಯ ಹೆಸರಿಗೇ ಅಂಟಿಕೊಂಡು ತಲೆನೋವಾಗುತ್ತದೆ. ಅಲ್ಲದೆ ಮುಂದೆ ರೆಸ್ಯೂಮೆಯಲ್ಲಿ ಬರೆಯಬೇಕಾದದ್ದೂ ಇದೇ ಹೆಸರು.

ಪಾಠಗಳನ್ನು ‘ವಾರ’ ಎಂಬ ಲೆಕ್ಕದಲ್ಲಿ ವಿಂಗಡಿಸಿದ್ದಾರೆ. ಸೊನ್ನೆಯ ವಾರ ಸ್ಕ್ರ್ಯಾಚ್ (ಚಿತ್ರದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವುದು), ಆಮೇಲೆ ಐದು ವಾರ ಸಿ ಭಾಷೆ, ಆರರಲ್ಲಿ ಪೈಥಾನ್ ಭಾಷೆ, ಏಳರಲ್ಲಿ ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್, ಎಂಟರಲ್ಲಿ ವೆಬ್ ಪುಟಗಳು, ಒಂಬತ್ತರಲ್ಲಿ ಪೈಥಾನ್‌ನಿಂದ ವೆಬ್ ಆ್ಯಪ್ ಕಟ್ಟುವ ಫ್ಲಾಸ್ಕ್, ಕೊನೆಗೆ ಸ್ವಂತ ಪ್ರಾಜೆಕ್ಟ್. ಹಗಲು ಡ್ಯೂಟಿ ಮಾಡಿ ಬರುವವರು ಇದನ್ನು ಹನ್ನೊಂದು ವಾರದಲ್ಲಿ ಮುಗಿಸಲು ಹೋದರೆ ಮೂರನೇ ವಾರಕ್ಕೇ ಸುಸ್ತು. ರಾತ್ರಿ ಒಂದೂವರೆ ಗಂಟೆ, ಭಾನುವಾರ ನಾಲ್ಕು ಗಂಟೆ ಕೊಡಬಲ್ಲವರು ಹೀಗೆ ಲೆಕ್ಕ ಹಾಕಿಕೊಳ್ಳಬಹುದು: ಸ್ಕ್ರ್ಯಾಚ್‌ಗೆ ಒಂದು ವಾರ, ಒಂದು ಮತ್ತು ಎರಡಕ್ಕೆ ಎರಡೆರಡು ವಾರ, ಮೂರರಿಂದ ಐದರವರೆಗೆ ಮೂರು ಮೂರು ವಾರ, ಆರರಿಂದ ಒಂಬತ್ತಕ್ಕೆ ಒಟ್ಟು ಏಳು ವಾರ, ಪ್ರಾಜೆಕ್ಟಿಗೆ ಒಂದು ತಿಂಗಳು. ಅಂದರೆ ಆರು ತಿಂಗಳು. ಉಡುಪಿಯಿಂದ ಮಂಗಳೂರಿಗೆ ದಿನಾ ಓಡಾಡುವವರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಾಠ ನೋಡಿ ಮುಗಿಸಬಹುದು, ವಿಡಿಯೋ ಇಳಿಸಿಕೊಳ್ಳುವ ವ್ಯವಸ್ಥೆ ತಾಣದಲ್ಲೇ ಇದೆ. ಆದರೆ ಪ್ರಾಬ್ಲಮ್ ಸೆಟ್‌ಗೆ ಮೇಜು, ಕುರ್ಚಿ, ಸದ್ದಿಲ್ಲದ ಎರಡು ಗಂಟೆ ಬೇಕೇ ಬೇಕು. ಪಾಠ ನೋಡಿದ ಗಂಟೆಗಳನ್ನು ಕಲಿಕೆಯ ಲೆಕ್ಕಕ್ಕೆ ಹಿಡಿಯಬೇಡಿ. ಈ ಕೋರ್ಸಿನ ತಿರುಳು ಇರುವುದು ಪ್ರಾಬ್ಲಮ್ ಸೆಟ್‌ನಲ್ಲಿ.

ಮೊದಲ ವಾರದ ‘ಕ್ರೆಡಿಟ್’ ಎಂಬ ಲೆಕ್ಕವನ್ನೇ ನೋಡಿ. ಕಾರ್ಡಿನ ಸಂಖ್ಯೆ ಕೊಟ್ಟರೆ ಅದು ಸರಿಯಾದ ರೂಪದ್ದೋ ಅಲ್ಲವೋ ಎಂದು ಪ್ರೋಗ್ರಾಂ ಹೇಳಬೇಕು. ಬಳಸುವುದು ಲೂನ್ ವಿಧಾನ: ಕೊನೆಯಿಂದ ಎರಡನೇ ಅಂಕೆಯಿಂದ ಶುರುಮಾಡಿ ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ, ಬಂದ ಗುಣಲಬ್ಧಗಳ ಅಂಕೆಗಳನ್ನು ಕೂಡಿಸಿ, ಉಳಿದ ಅಂಕೆಗಳನ್ನೂ ಸೇರಿಸಿದಾಗ ಮೊತ್ತದ ಕೊನೆಯಲ್ಲಿ ಸೊನ್ನೆ ಬರಬೇಕು. ಹೊಸಬರು ಎರಡು ಕಡೆ ಎಡವುತ್ತಾರೆ. ಒಂದು, ಏಳನ್ನು ಇಮ್ಮಡಿ ಮಾಡಿದರೆ ಬರುವ 14ನ್ನು ಹಾಗೇ ಕೂಡಿಸಿಬಿಡುತ್ತಾರೆ. ಕೂಡಿಸಬೇಕಾದದ್ದು 1 ಮತ್ತು 4, ಅಂದರೆ 5. ಇನ್ನೊಂದು, ಹದಿನಾರು ಅಂಕೆಯ ಸಂಖ್ಯೆಯನ್ನು ‘ಇಂಟ್’ ಎಂಬ ಡಬ್ಬಿಗೆ ಹಾಕಲು ಹೋಗುತ್ತಾರೆ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647, ಬರೇ ಹತ್ತು ಅಂಕೆ. ಇಲ್ಲಿ ‘ಲಾಂಗ್’ ಎಂಬ ದೊಡ್ಡ ಡಬ್ಬಿ ಬೇಕು. ಕಾರ್ಡ್ ಸಂಖ್ಯೆಯನ್ನು ವರ್ಷಗಟ್ಟಲೆ ಟೈಪ್ ಮಾಡಿದ ಬ್ಯಾಂಕ್ ನೌಕರರಿಗೆ ಒಂದು ಅಂಕೆ ತಪ್ಪಿದರೂ ಕಂಪ್ಯೂಟರ್ ತಕ್ಷಣ ಹೇಗೆ ಬೇಡವೆನ್ನುತ್ತದೆ ಎಂಬುದು ಆ ರಾತ್ರಿ ಅರ್ಥವಾಗುತ್ತದೆ. ಇಂಥ ಲೆಕ್ಕ ಇಷ್ಟವಾದವರು ಧೈರ್ಯವಾಗಿ ಮುಂದೆ ಹೋಗಬಹುದು.

ಅದೇ ಪಾಠದಲ್ಲಿ ದಶಮಾಂಶದ ತೊಂದರೆಯನ್ನೂ ಹೇಳುತ್ತಾರೆ. ಲೆಕ್ಕಪತ್ರದ ಹಿನ್ನೆಲೆಯವರು ಇದನ್ನು ಗಟ್ಟಿ ಹಿಡಿದುಕೊಳ್ಳಬೇಕು. 19.99 ರೂಪಾಯಿಯನ್ನು ಪೈಸೆಗೆ ತಿರುಗಿಸಲು ನೂರರಿಂದ ಗುಣಿಸಿದರೆ ಪೈಥಾನ್ ಕೊಡುವ ಉತ್ತರ 1998.9999999999998. ಇದನ್ನು ಪೂರ್ಣಾಂಕ ಮಾಡಿದರೆ 1998, ಒಂದು ಪೈಸೆ ಮಾಯ. ಕಂಪ್ಯೂಟರ್ ದಶಮಾಂಶವನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ 19.99 ಅದರೊಳಗೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಹಣವನ್ನು ಪೈಸೆಯ ಪೂರ್ಣಾಂಕವಾಗಿಯೋ ‘ಡೆಸಿಮಲ್’ ಎಂಬ ವಿಧದಲ್ಲೋ ಇಡಬೇಕು. ಸಂದರ್ಶನದಲ್ಲಿ ಇಂಥದ್ದನ್ನು ಕಾರಣ ಸಹಿತ ಹೇಳಬಲ್ಲವರು ಕಡಿಮೆ.

ಹೆಚ್ಚಿನವರು ಕೈಚೆಲ್ಲುವುದು ಮೂರರಿಂದ ಐದನೇ ವಾರದ ನಡುವೆ. ಮೂರರಲ್ಲಿ ಚುನಾವಣೆಯ ಮತ ಎಣಿಕೆಯ ಲೆಕ್ಕವಿದೆ. ‘ರನ್‌ಆಫ್’ ಮತ್ತು ‘ಟೈಡ್‌ಮನ್’ ಎರಡರಲ್ಲಿ ಒಂದನ್ನು ಮಾಡಿದರೆ ಸಾಕು. ಟೈಡ್‌ಮನ್ ನಿಜಕ್ಕೂ ಕಬ್ಬಿಣದ ಕಡಲೆ. ಮೊದಲ ಸುತ್ತಿನಲ್ಲಿ ಅದನ್ನು ಬಿಟ್ಟು ರನ್‌ಆಫ್ ಮಾಡಿ. ಕೆಲಸ ಬದಲಿಸಲು ಹೊರಟವರು ಟೈಡ್‌ಮನ್ ಮೇಲೆ ಹಟ ಹಿಡಿದು ಒಂದು ತಿಂಗಳು ಕಳೆಯುವುದರಲ್ಲಿ ಅರ್ಥವಿಲ್ಲ. ನಾಲ್ಕನೆಯದು ಮೆಮೊರಿ. ಮಾಹಿತಿ ಮೆಮೊರಿಯಲ್ಲಿ ಎಲ್ಲಿದೆ ಎಂದು ಹೇಳುವ ವಿಳಾಸ, ಅಂದರೆ ಪಾಯಿಂಟರ್, ಇಲ್ಲಿ ಬರುತ್ತದೆ. ‘ರಿಕವರ್’ ಎಂಬ ಲೆಕ್ಕದಲ್ಲಿ ಅಳಿಸಿಹೋದ ಮೆಮೊರಿ ಕಾರ್ಡಿನಿಂದ 50 ಫೋಟೋಗಳನ್ನು ಹೊರತೆಗೆಯಬೇಕು. ಕಾರ್ಡನ್ನು 512 ಬೈಟ್‌ಗಳ ತುಂಡುಗಳಾಗಿ ಓದುತ್ತಾ, ಪ್ರತಿ ತುಂಡಿನ ಮೊದಲ ನಾಲ್ಕು ಬೈಟ್ ನೋಡಿ ಹೊಸ ಫೋಟೋ ಶುರುವಾಯಿತೋ ಎಂದು ಗುರುತಿಸುವುದು. ಫೈಲಿನ ಹೆಸರು ‘000.ಜೆಪಿಜಿ’ ಎಂಬಂತೆ ಏಳು ಅಕ್ಷರ. ಅದಕ್ಕೆ ಏಳು ಬೈಟ್ ಜಾಗ ಮಾಡಿಟ್ಟವರ ಪ್ರೋಗ್ರಾಂ ಒಮ್ಮೆ ಓಡುತ್ತದೆ, ಇನ್ನೊಮ್ಮೆ ಬೀಳುತ್ತದೆ. ಸಿ ಭಾಷೆಯಲ್ಲಿ ಪ್ರತಿ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಸೊನ್ನೆ ಬೈಟ್ ಇರುತ್ತದೆ. ಜಾಗ ಎಂಟು ಬೇಕು. ಹಿಂದಿನ ಫೋಟೋದ ಫೈಲನ್ನು ಮುಚ್ಚದೆ ಮುಂದಿನದನ್ನು ತೆರೆಯುವುದು ಇಲ್ಲಿ ಕಾಣುವ ಇನ್ನೊಂದು ತಪ್ಪು. ಪ್ರೋಗ್ರಾಂ ತನ್ನದಲ್ಲದ ಮೆಮೊರಿ ಮುಟ್ಟಿ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಬಂದಾಗ ಕೋಡನ್ನು ಅಳಿಸಿ ಮತ್ತೆ ಬರೆಯುವುದಕ್ಕಿಂತ ‘ವಾಲ್‌ಗ್ರೈಂಡ್’ ಎಂಬ ತಪಾಸಣೆಯ ಸಾಧನ ಓಡಿಸಿ. ಯಾವ ಸಾಲಿನಲ್ಲಿ ಎಷ್ಟು ಬೈಟ್ ಹೆಚ್ಚು ಮುಟ್ಟಿದಿರಿ ಎಂದು ಅದು ಹೇಳುತ್ತದೆ.

ಮುಂದೆ ಸಿ ಭಾಷೆಯಲ್ಲಿ ಕೆಲಸ ಮಾಡುವ ಸಂಭವ ಕಡಿಮೆ, ಮತ್ತೆ ಇಷ್ಟು ಕಷ್ಟ ಯಾಕೆ ಎಂಬ ಪ್ರಶ್ನೆ ಸಹಜ. ತಪ್ಪು ಎಲ್ಲಿದೆ ಎಂದು ತಾಳ್ಮೆಯಿಂದ ಹುಡುಕುವ ಅಭ್ಯಾಸ ಈ ಮೂರು ವಾರಗಳಲ್ಲಿ ಆದಷ್ಟು ಬೇರೆಲ್ಲೂ ಆಗುವುದಿಲ್ಲ ಎಂಬುದು ನಮ್ಮ ಉತ್ತರ. ಐಟಿ ಕೆಲಸದ ದೊಡ್ಡ ಪಾಲು ಅದೇ. ಟೆಸ್ಟಿಂಗ್, ಸಪೋರ್ಟ್ ವಿಭಾಗಗಳಲ್ಲಂತೂ ದಿನವಿಡೀ ಅದೇ. ಈ ಹುಡುಕಾಟ ಹಿಂಸೆ ಎನಿಸಿದರೆ ಅದನ್ನು ಸಂಬಳ ಬರುತ್ತಿರುವಾಗಲೇ ತಿಳಿದುಕೊಂಡದ್ದು ಲಾಭವೇ.

ಏಳನೇ ವಾರದ ಎಸ್‌ಕ್ಯೂಎಲ್ ಅನ್ನು ಯಾರೂ ಅವಸರದಲ್ಲಿ ದಾಟಬಾರದು. ‘ಫಿಫ್ಟಿವಿಲ್’ ಎಂಬ ಲೆಕ್ಕದಲ್ಲಿ ಒಂದು ಕಳ್ಳತನದ ತನಿಖೆ ನಡೆಸಬೇಕು. ಕೈಗೆ ಸಿಗುವುದು ಎಟಿಎಂ ವಹಿವಾಟು, ಬ್ಯಾಂಕ್ ಖಾತೆ, ಫೋನ್ ಕರೆ, ವಿಮಾನ ಪ್ರಯಾಣಿಕರ ಟೇಬಲ್‌ಗಳು, ಅಂದರೆ ಸಾಲು ಕಾಲಂಗಳ ಪಟ್ಟಿಗಳು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಹಿಡಿದಿಡುವ ಆಟ. ಕರಾವಳಿಯಲ್ಲಿ ಕೆಲಸ ಬದಲಿಸುವವರಿಗೆ ಮೊದಲು ತೆರೆಯುವ ಬಾಗಿಲು ಹೆಚ್ಚಾಗಿ ಇದೇ ದಿಕ್ಕಿನದು. ತೆರಿಗೆ ಸಾಫ್ಟ್‌ವೇರ್ ಮಾಡುವ ವಿನ್‌ಮ್ಯಾನ್, ನ್ಯಾಯಾಲಯದ ಮಾಹಿತಿಯನ್ನು ಸಂಸ್ಕರಿಸುವ ಯೂನಿಕೋರ್ಟ್ ಇರುವುದು ಮಂಗಳೂರಿನಲ್ಲಿ. ಮೊಬೈಲ್ ಆ್ಯಪ್‌ಗಳ ರೋಬೋಸಾಫ್ಟ್ 1996ರಲ್ಲಿ ಹುಟ್ಟಿದ್ದು ಉಡುಪಿಯಲ್ಲಿ. ಇನ್ಫೋಸಿಸ್, ಕಾಗ್ನಿಜೆಂಟ್ ಎರಡಕ್ಕೂ ಮಂಗಳೂರಿನಲ್ಲಿ ಕಚೇರಿ ಇದೆ. ಇಂಥ ಕಡೆ ಲೆಕ್ಕಪತ್ರ, ತೆರಿಗೆ, ಕಾನೂನು, ಆಸ್ಪತ್ರೆ ಗೊತ್ತಿದ್ದು ಜೊತೆಗೆ ಎಸ್‌ಕ್ಯೂಎಲ್ ಬರುವವರು ಬರೇ ಕೋಡ್ ಕಲಿತ ಹೊಸ ಪದವೀಧರರ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಹಾಗಾಗಿ ಕೊನೆಯ ಪ್ರಾಜೆಕ್ಟನ್ನು ನಿಮ್ಮ ಹಳೆಯ ಕಸುಬಿನಿಂದಲೇ ಆರಿಸಿ. ಹವಾಮಾನ ತೋರಿಸುವ ಆ್ಯಪ್, ಮಾಡಬೇಕಾದ ಕೆಲಸಗಳ ಪಟ್ಟಿ ಇವುಗಳನ್ನು ನೋಡಿ ನೋಡಿ ಸಂದರ್ಶಕರಿಗೆ ಸಾಕಾಗಿದೆ. ಒಂದು ಉದಾಹರಣೆ ಕೊಡುತ್ತೇವೆ: ಪಿಗ್ಮಿ ಸಂಗ್ರಹದ ಲೆಕ್ಕ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಬಂದು ಕಟ್ಟಿಸಿಕೊಳ್ಳಲು ಶುರುಮಾಡಿದ ಈ ಪದ್ಧತಿ ಇಂದಿಗೂ ನಮ್ಮ ಸಹಕಾರಿ ಸಂಘಗಳಲ್ಲಿ ಜೀವಂತವಾಗಿದೆ, ಊರಿನ ಯಾರಿಗೂ ವಿವರಿಸಬೇಕಾಗಿಲ್ಲ. ಏಜೆಂಟ್, ಖಾತೆ, ಸಂಗ್ರಹ ಎಂಬ ಮೂರು ಟೇಬಲ್‌ಗಳಿಂದ ಶುರುಮಾಡಿ. ಸಂಗ್ರಹದ ಟೇಬಲ್‌ನಲ್ಲಿ ರಶೀದಿ ಸಂಖ್ಯೆ ಎರಡು ಸಲ ಬರದಂತೆ ‘ಯೂನಿಕ್’ ಎಂದು ಕಟ್ಟಿಹಾಕಿ. ಹಣ ಕೊಟ್ಟ ದಿನಾಂಕ, ಪುಸ್ತಕಕ್ಕೆ ಹತ್ತಿದ ದಿನಾಂಕ ಎರಡನ್ನೂ ಬೇರೆ ಬೇರೆ ಇಡಿ. ಏಜೆಂಟ್ ಶನಿವಾರ ಕಟ್ಟಿಸಿಕೊಂಡದ್ದು ಸೋಮವಾರ ಜಮೆಯಾಗುತ್ತದೆ, ಬಡ್ಡಿಯ ಲೆಕ್ಕ ತಪ್ಪುವುದು ಅಲ್ಲೇ. ತಪ್ಪು ನಮೂದು ಆದರೆ ಸಾಲನ್ನು ಅಳಿಸುವ ಗುಂಡಿ ಇಡಬೇಡಿ. ಎದುರು ನಮೂದು ಹಾಕಿ ರದ್ದುಪಡಿಸಿ, ಕಾರಣ ಬರೆಸಿಕೊಳ್ಳಿ. ಕೌಂಟರಿನಲ್ಲಿ ಕೂತವರಿಗೆ ಇದು ಹೇಳಿಕೊಡಬೇಕಾದ ಪಾಠವೇ ಅಲ್ಲ, ಆದರೆ ನೇರ ಕಾಲೇಜಿನಿಂದ ಬಂದವರ ಹತ್ತರಲ್ಲಿ ಎಂಟು ಪ್ರಾಜೆಕ್ಟುಗಳಲ್ಲಿ ‘ಡಿಲೀಟ್’ ಇದ್ದೇ ಇರುತ್ತದೆ ಎಂಬುದು ನಮ್ಮ ಅಂದಾಜು. ‘ಯಾಕೆ ಅಳಿಸಲಿಲ್ಲ’ ಎಂದು ಸಂದರ್ಶನದಲ್ಲಿ ಕೇಳಿದರೆ ಐದು ನಿಮಿಷ ಮಾತಾಡುವಷ್ಟು ವಿಷಯ ನಿಮ್ಮಲ್ಲಿರುತ್ತದೆ.

ಇದೇ ಪ್ರಾಜೆಕ್ಟಿನಲ್ಲಿ ಟೇಬಲ್‌ಗಳನ್ನು ಜೋಡಿಸುವ ಜಾಯಿನ್‌ಗಳ ನಿಜವಾದ ಅಪಾಯವೂ ಗೊತ್ತಾಗುತ್ತದೆ. ನಾಮಿನಿಗಳ ಟೇಬಲ್ ಒಂದನ್ನು ಸೇರಿಸಿ, ಒಂದು ಖಾತೆಗೆ ಇಬ್ಬರು ನಾಮಿನಿ ಇರಲಿ. ಈಗ ಖಾತೆ, ನಾಮಿನಿ, ಸಂಗ್ರಹ ಮೂರನ್ನೂ ಜೋಡಿಸಿ ಮೊತ್ತ ತೆಗೆದರೆ ಆ ಖಾತೆಯ ಜಮೆ ದುಪ್ಪಟ್ಟಾಗಿ ಬರುತ್ತದೆ. ಪ್ರತಿ ಸಂಗ್ರಹದ ಸಾಲು ಇಬ್ಬರು ನಾಮಿನಿಗಳ ಜೊತೆಗೂ ಒಮ್ಮೊಮ್ಮೆ ಸೇರಿಕೊಂಡಿರುತ್ತದೆ. ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪು. ಮೊದಲು ಸಂಗ್ರಹವನ್ನು ಖಾತೆವಾರು ಕೂಡಿಸಿ, ಬಂದ ಮೊತ್ತವನ್ನು ಆಮೇಲೆ ಜೋಡಿಸುವುದು ಸರಿಯಾದ ದಾರಿ. ಆ ತಿಂಗಳು ಒಂದು ಕಂತೂ ಕಟ್ಟದ ಖಾತೆಗಳು ವರದಿಯಿಂದಲೇ ಮಾಯವಾದರೆ ನೀವು ಬಳಸಿದ್ದು ಎರಡೂ ಕಡೆ ಹೊಂದುವ ಸಾಲುಗಳನ್ನಷ್ಟೇ ಕೊಡುವ ಇನ್ನರ್ ಜಾಯಿನ್. ಅಲ್ಲಿ ಮೊದಲ ಟೇಬಲ್‌ನ ಎಲ್ಲ ಸಾಲುಗಳನ್ನೂ ಉಳಿಸುವ ಲೆಫ್ಟ್ ಜಾಯಿನ್ ಬೇಕು. ಲೆಫ್ಟ್ ಜಾಯಿನ್ ಹಾಕಿಯೂ ಮಾಯವಾಗುತ್ತಿದ್ದರೆ ತಿಂಗಳಿನ ಷರತ್ತನ್ನು ಜೋಡಿಸಿದ ಮೇಲೆ ಸೋಸುವ ‘ವೇರ್’ನಲ್ಲಿ ಬರೆದಿರುತ್ತೀರಿ. ಅದನ್ನು ಜೋಡಣೆಯ ಷರತ್ತು ಬರೆಯುವ ‘ಆನ್’ ಭಾಗಕ್ಕೆ ಸರಿಸಿ. ಖಾಲಿ ಜಾಗ ಹುಡುಕುವಾಗ ‘ಈಕ್ವಲ್ಸ್ ನಲ್’ ಎಂದು ಬರೆದರೆ ಒಂದು ಸಾಲೂ ಸಿಗದು, ‘ಈಸ್ ನಲ್’ ಎಂದೇ ಬರೆಯಬೇಕು. ಇದಿಷ್ಟನ್ನು ಕೈಯಾರೆ ತಪ್ಪು ಮಾಡಿ ಸರಿಪಡಿಸಿಕೊಂಡವರು ಎಸ್‌ಕ್ಯೂಎಲ್ ಪ್ರಶ್ನೆಗಳಿಗೆ ಹೆದರಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಪ್ರಾಜೆಕ್ಟಿಗೆ ಕಚೇರಿಯ ನಿಜವಾದ ಗ್ರಾಹಕರ ಮಾಹಿತಿಯನ್ನು, ಹೆಸರು ಬದಲಿಸಿದರೂ ಸರಿ, ತರಲೇಬೇಡಿ. ಪೈಥಾನ್‌ನಲ್ಲಿ ಮೂವತ್ತು ಸಾಲು ಬರೆದರೆ ಇನ್ನೂರು ಸುಳ್ಳು ಖಾತೆ, ಹತ್ತು ಸಾವಿರ ಸುಳ್ಳು ನಮೂದು ತಯಾರಾಗುತ್ತವೆ.

ಈಗ ಕೊರತೆಗಳು. ಸಿಎಸ್50ರಲ್ಲಿ ಎಲ್ಲವೂ ಬ್ರೌಸರಿನೊಳಗಿನ ವಿಎಸ್ ಕೋಡ್ ಎಂಬ, ಕೋಡ್ ಬರೆಯುವ ಸಾಧನದಲ್ಲಿ ನಡೆಯುತ್ತದೆ. ಹಳೆಯ 4 ಜಿಬಿ ಲ್ಯಾಪ್‌ಟಾಪ್ ಇದ್ದವರಿಗೆ ಇದು ದೊಡ್ಡ ಉಪಕಾರ. ಆದರೆ ಸ್ವಂತ ಯಂತ್ರದಲ್ಲಿ ಏನನ್ನೂ ಕೂರಿಸದೆಯೇ ಕೋರ್ಸ್ ಮುಗಿದುಹೋಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಕೊಡುವುದು ಖಾಲಿ ಲ್ಯಾಪ್‌ಟಾಪ್. ಹಾಗಾಗಿ ಆರನೇ ವಾರ ಬರುವಾಗ ಪೈಥಾನ್, ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ), ವಿಎಸ್ ಕೋಡ್ ಮೂರನ್ನೂ ನಿಮ್ಮ ಯಂತ್ರದಲ್ಲೇ ಹಾಕಿ. ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ಮೊದಲ ಪರದೆಯ ಕೆಳಗೆ ಅದನ್ನು ‘ಪಾತ್’ಗೆ, ಅಂದರೆ ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿಗೆ, ಸೇರಿಸುವ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಲು ಮರೆತರೆ ಆದೇಶ ಬರೆಯುವ ಟರ್ಮಿನಲ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಪ್ರತಿ ಪ್ರಾಜೆಕ್ಟಿಗೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರಾಜೆಕ್ಟಿನ ಲೈಬ್ರರಿಗಳಿಗೆಂದೇ ಪ್ರತ್ಯೇಕ ಜಾಗ) ಮಾಡುವ ಅಭ್ಯಾಸವನ್ನೂ ಆಗಲೇ ಮಾಡಿಕೊಳ್ಳಿ. ಗಿಟ್ ಅನ್ನು ಕೋರ್ಸ್ ತೆರೆಮರೆಯಲ್ಲಿ ಬಳಸುತ್ತದೆಯೇ ಹೊರತು ಕಲಿಸುವುದಿಲ್ಲ. ಬದಲಾವಣೆ ದಾಖಲಿಸುವ ಕಮಿಟ್, ಬೇರೆ ಕವಲಿನಲ್ಲಿ ಕೆಲಸ ಮಾಡುವ ಬ್ರಾಂಚ್, ಕವಲುಗಳು ಸೇರುವಾಗಿನ ಮರ್ಜ್ ಸಂಘರ್ಷ ಬಿಡಿಸುವುದು ಇವನ್ನು ಬೇರೆಯೇ ಒಂದು ವಾರ ಕೂತು ಕಲಿಯಬೇಕು.

ಮಳೆಗಾಲದ ಮಾತನ್ನೂ ಹೇಳಬೇಕು. ಜೂನ್, ಜುಲೈಯಲ್ಲಿ ಕರೆಂಟ್ ಹೋಗುವುದು, ಸಿಡಿಲಿಗೆ ಹೆದರಿ ರೂಟರ್ ಕಳಚಿಡುವುದು ನಮಗೆ ಮಾಮೂಲು. ಬ್ರೌಸರಿನಲ್ಲಿ ಬರೆದ ಕೋಡ್ ದೂರದ ಯಂತ್ರದಲ್ಲಿರುವುದರಿಂದ ಸಂಪರ್ಕ ಕಡಿದರೂ ಉಳಿಸಿದ ಫೈಲುಗಳು ಹೋಗುವುದಿಲ್ಲ. ಆದರೆ ಆ ದೂರದ ಯಂತ್ರವಾದ ಗಿಟ್‌ಹಬ್ ಕೋಡ್‌ಸ್ಪೇಸ್‌ನ ಸಾಮಾನ್ಯ ನಿಯಮದಂತೆ 30 ದಿನ ಮುಟ್ಟದ ಕೋಡ್‌ಸ್ಪೇಸ್ ತಾನಾಗಿ ಅಳಿಸಿಹೋಗುತ್ತದೆ. ಮದುವೆ, ಕೋಲ, ಮಾರ್ಚ್ ಅಂತ್ಯದ ಲೆಕ್ಕ ಎಂದು ಒಂದೂವರೆ ತಿಂಗಳು ಬಿಟ್ಟುಹೋಗುವವರು ಅರ್ಧ ಮುಗಿದ ಕೋಡನ್ನು ‘ಸಬ್‌ಮಿಟ್50’ ಎಂಬ ಆದೇಶದಿಂದ ಸಲ್ಲಿಸಿಯೋ ಇಳಿಸಿಕೊಂಡೋ ಹೋಗಿ. ಪ್ರತಿ ಜನವರಿ 1ಕ್ಕೆ ಕೋರ್ಸಿನ ಹೊಸ ಆವೃತ್ತಿ ಬರುತ್ತದೆ. ಹಿಂದೆ ಮಾಡಿದ್ದು ಸಾಮಾನ್ಯವಾಗಿ ಮುಂದುವರಿಯುತ್ತದೆ, ಆದರೆ ಬದಲಾದ ಲೆಕ್ಕಗಳನ್ನು ಮತ್ತೆ ಸಲ್ಲಿಸಬೇಕಾಗಬಹುದು.

ಚಾಟ್‌ಜಿಪಿಟಿ, ಕೋಪೈಲಟ್‌ನಂಥವುಗಳಿಂದ ಉತ್ತರ ಬರೆಸುವುದನ್ನು ಸಿಎಸ್50 ನಿಷೇಧಿಸಿದೆ. ಬದಲಿಗೆ ತನ್ನದೇ ಒಂದು ‘ಬಾತುಕೋಳಿ’ ಸಹಾಯಕನನ್ನು ಕೊಟ್ಟಿದೆ. ಅದು ಉತ್ತರ ಬರೆದುಕೊಡದೆ ಸುಳಿವು ಕೊಡುತ್ತದೆ. ಈ ನಿಯಮವನ್ನು ನಿಮಗಾಗಿಯೇ ಪಾಲಿಸಿ. ಎಐ ಬರೆದ ಕೋಡ್ ಎಲ್ಲಿ ತಪ್ಪಿದೆ ಎಂದು ಹೇಳಬಲ್ಲವರಿಗೆ ಇವತ್ತು ಬೆಲೆ, ಆ ಕಣ್ಣು ಬರುವುದು ಸ್ವಂತ ತಪ್ಪುಗಳನ್ನು ಹುಡುಕಿದವರಿಗೆ. ಪ್ರಾಬ್ಲಮ್ ಸೆಟ್‌ನ ಉತ್ತರಗಳನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವುದೂ ನಿಯಮಕ್ಕೆ ವಿರುದ್ಧ. ಅಂದರೆ ಆರು ತಿಂಗಳು ದುಡಿದರೂ ತೋರಿಸಲು ನಿಮ್ಮ ಬಳಿ ಉಳಿಯುವುದು ಕೊನೆಯ ಪ್ರಾಜೆಕ್ಟ್ ಒಂದೇ. ಪಿಗ್ಮಿಯಂಥ ಪ್ರಾಜೆಕ್ಟಿಗೆ ನಾವು ಅಷ್ಟು ಒತ್ತು ಕೊಟ್ಟದ್ದು ಅದಕ್ಕೇ. ಪ್ರಮಾಣಪತ್ರವನ್ನು ರೆಸ್ಯೂಮೆಯಲ್ಲಿ ಒಂದು ಸಾಲು ಬರೆಯಿರಿ. ಅದನ್ನು ನೋಡಿ ಯಾರೂ ಕೆಲಸ ಕೊಡುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಲನ್ ಅವರ ಇಂಗ್ಲಿಷ್‌ನ ವೇಗ ಮೊದಲಿಗೆ ಕಷ್ಟವಾಗಬಹುದು. ವೇಗವನ್ನು ಮುಕ್ಕಾಲಿಗೆ ಇಳಿಸಿ, ಇಂಗ್ಲಿಷ್ ಅಡಿಬರಹ ಹಾಕಿಕೊಂಡು ನೋಡಿ. ಅದಕ್ಕೂ ಮೊದಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಒಂದಿಷ್ಟು ನೋಡಿಕೊಂಡರೆ ಒಳ್ಳೆಯದು. ಸುಮಾರು ಹತ್ತು ಹತ್ತು ನಿಮಿಷದ ಪಾಠಗಳು, ಅನೇಕವು ಕನ್ನಡ ಧ್ವನಿಯಲ್ಲೂ ಇವೆ; ಪರದೆ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ, ಅದೂ ಅನುಕೂಲವೇ. ಅರ್ಧ ಪರದೆಯಲ್ಲಿ ಪಾಠ, ಇನ್ನರ್ಧದಲ್ಲಿ ನಿಮ್ಮ ಕೆಲಸ ಎಂಬುದು ಅವರ ವಿಧಾನ. ವಿಂಡೋಸ್‌ನಂಥ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನ ಪಾಠಮಾಲೆಯಿಂದ ಶುರುಮಾಡಿ. ಕೆಲವು ಪಾಠಗಳು ಹಳೆಯವು. ಹಳೆಯ ಪೈಥಾನ್ ಪಾಠದಂತೆ ಆವರಣ ಚಿಹ್ನೆ ಇಲ್ಲದೆ ‘ಪ್ರಿಂಟ್’ ಬರೆದರೆ ಇಂದಿನ ಪೈಥಾನ್ 3 ಒಪ್ಪುವುದಿಲ್ಲ, ಹೊಸ ಪಾಠಮಾಲೆಯನ್ನೇ ಆರಿಸಿಕೊಳ್ಳಿ.

ಸಿ ಭಾಷೆಯೇ ಬೇಡ, ಟೆಸ್ಟಿಂಗ್ ಅಥವಾ ಡೇಟಾ ಕೆಲಸ ಸಾಕು ಎನ್ನುವವರಿಗೆ ಅದೇ ತಂಡದ ಸಿಎಸ್50ಪಿ ಎಂಬ ಪೈಥಾನ್ ಕೋರ್ಸ್ ಹೆಚ್ಚು ಹೊಂದುತ್ತದೆ. ಅದರಲ್ಲಿ ಕೋಡಿನ ಚಿಕ್ಕ ಚಿಕ್ಕ ಭಾಗಗಳನ್ನು ಪರೀಕ್ಷಿಸುವ ಯೂನಿಟ್ ಟೆಸ್ಟ್‌ಗೆಂದೇ ಒಂದು ವಾರವಿದೆ, ‘ಪೈಟೆಸ್ಟ್’ ಎಂಬ ಸಾಧನ ಬಳಸಿ ಕಲಿಸುತ್ತಾರೆ. ಫ್ರೀಕೋಡ್‌ಕ್ಯಾಂಪ್ ಎಂಬ ಉಚಿತ ತಾಣ ವೆಬ್ ಪುಟಗಳ ಕಡೆ ಹೋಗುವವರಿಗೆ ಚೆನ್ನಾಗಿದೆ, ಆದರೆ ಒಂದೊಂದೇ ಸಾಲು ತುಂಬಿಸುತ್ತಾ ಹೋಗುವ ಅದರ ಕ್ರಮದಲ್ಲಿ ಬಂತು ಬಂತು ಎಂಬ ಭ್ರಮೆ ಬೇಗ ಹುಟ್ಟುತ್ತದೆ. ಕೊನೆಯ ಪ್ರಾಜೆಕ್ಟುಗಳನ್ನು ಮಾಡದಿದ್ದರೆ ಏನೂ ಕಲಿತಂತಲ್ಲ.

ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಕೋರ್ಸುಗಳ ತಾಣ ಎನ್‌ಪಿಟಿಇಎಲ್ ಬಗ್ಗೆ ಕೇಳುವವರು ಹೆಚ್ಚು. ಸೇರುವುದು ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ; ಪ್ರಮಾಣಪತ್ರಕ್ಕೆ ಕ್ರಮವಾಗಿ ಕನಿಷ್ಠ 10 ಮತ್ತು 30 ಬೇಕು. ಹನ್ನೆರಡು ವಾರದ ಕೋರ್ಸಿನಲ್ಲಿ ಉತ್ತಮ ಎಂಟು ಅಸೈನ್‌ಮೆಂಟುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಐಐಟಿ ರೋಪಡ್‌ನ ಸುದರ್ಶನ ಅಯ್ಯಂಗಾರ್ ಅವರ ‘ಜಾಯ್ ಆಫ್ ಕಂಪ್ಯೂಟಿಂಗ್’ ಹೊಸಬರಿಗೆ ಸುಲಭ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಎಂಟು ವಾರದ ಪೈಥಾನ್ ಕೋರ್ಸ್ ಗಟ್ಟಿ. ಇಲ್ಲಿ ದಿನಾಂಕ ತಪ್ಪಿದರೆ ತಪ್ಪಿದ್ದೇ. ಶಿಸ್ತಿಗೆ ಯಾರಾದರೂ ಹಿಂದೆ ಬೀಳಬೇಕು ಎನ್ನುವವರಿಗೆ ಅದು ಒಳ್ಳೆಯದು, ಶಿಫ್ಟ್ ಡ್ಯೂಟಿಯ ನರ್ಸ್‌ಗಳಿಗೆ ಕಷ್ಟ.

ಇಷ್ಟಾದ ಮೇಲೆ ಊರಿನ ತರಬೇತಿ ಸಂಸ್ಥೆ ಬೇಕೇ? ಒಟ್ಟಿಗೆ ಕಲಿಯುವ ಜೊತೆಗಾರರು, ತಪ್ಪು ನೋಡಿ ಹೇಳುವ ಒಬ್ಬ ಮೇಷ್ಟ್ರು ಸಿಗುವುದಾದರೆ ಕೆಲವರಿಗೆ ಬೇಕು. ಆದರೆ ಡೆಮೊ ಕ್ಲಾಸ್ ನೋಡಿ ತೀರ್ಮಾನಿಸಬೇಡಿ, ಡೆಮೊ ಯಾವತ್ತೂ ಚಂದವೇ ಇರುತ್ತದೆ. ಈಗ ನಡೆಯುತ್ತಿರುವ ಬ್ಯಾಚಿನ ಮಧ್ಯದ ಒಂದು ಕ್ಲಾಸಿನಲ್ಲಿ ಕೂರಲು ಕೇಳಿ. ಹಿಂದಿನ ಬ್ಯಾಚಿನವರ ಗಿಟ್‌ಹಬ್ ತೆರೆದು ನೋಡಿ: ಹತ್ತು ಮಂದಿಯದ್ದೂ ಒಂದೇ ಪ್ರಾಜೆಕ್ಟ್ ಆದರೆ ಅಲ್ಲಿ ನಡೆಯುತ್ತಿರುವುದು ನೋಡಿ ಬರೆಯುವ ಕೆಲಸ. ಹೇಳಿದ ಫೀಸಿನಲ್ಲಿ ಶೇ. 18 ಜಿಎಸ್‌ಟಿ ಸೇರಿದೆಯೋ ಎಂದು ಕೇಳಿ. ‘ಪ್ಲೇಸ್‌ಮೆಂಟ್ ಸಹಾಯ’ ಎಂದರೆ ಎಷ್ಟು ಸಂದರ್ಶನ, ಎಷ್ಟು ತಿಂಗಳವರೆಗೆ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಕೋಚಿಂಗ್ ಸಂಸ್ಥೆಗಳು ಉದ್ಯೋಗದ ಬಗ್ಗೆ ಸುಳ್ಳು ಭರವಸೆಯ ಜಾಹೀರಾತು ಕೊಡುವಂತಿಲ್ಲ. ದೂರು ಕೊಡಲು ಗ್ರಾಹಕ ಸಹಾಯವಾಣಿ 1915. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಒಪ್ಪಿಸಬೇಡಿ.

‘ತಿಂಗಳ ಕಂತಿನಲ್ಲಿ ಕಟ್ಟಿ’ ಎಂದರೆ ಅದು ಹೆಚ್ಚಾಗಿ ಸಂಸ್ಥೆಯ ಕಂತಲ್ಲ, ಯಾವುದೋ ಹಣಕಾಸು ಕಂಪನಿ ನಿಮ್ಮ ಹೆಸರಿನಲ್ಲಿ ಕೊಡುವ ಸಾಲ. ಸಂಸ್ಥೆಗೆ ಪೂರ್ತಿ ದುಡ್ಡು ಮೊದಲೇ ಹೋಗಿರುತ್ತದೆ. ಕ್ಲಾಸ್ ಬಿಟ್ಟರೂ, ಸಂಸ್ಥೆಯೇ ಮುಚ್ಚಿದರೂ ಕಂತು ನಿಲ್ಲುವುದಿಲ್ಲ, ಕಟ್ಟದಿದ್ದರೆ ಸಿಬಿಲ್ ಅಂಕ ಬೀಳುತ್ತದೆ. ಸಹಿ ಹಾಕುವ ಮೊದಲು ಸಾಲದ ಮುಖ್ಯ ಷರತ್ತುಗಳನ್ನು ಒಟ್ಟಿಗೆ ಬರೆದಿರುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೇಳಿ ಪಡೆಯಿರಿ. ವಾರ್ಷಿಕ ಬಡ್ಡಿ ದರ ಅದರಲ್ಲಿ ಬರೆದಿರಬೇಕು. ಮೊಬೈಲಿನಲ್ಲೇ ಕೊಟ್ಟ ಡಿಜಿಟಲ್ ಸಾಲವಾದರೆ ದಂಡವಿಲ್ಲದೆ ಹಿಂದೆ ಸರಿಯಲು ಎಷ್ಟು ದಿನ ಅವಕಾಶ ಎಂಬುದನ್ನೂ ನೋಡಿಕೊಳ್ಳಿ.

‘ಮೂರು ವರ್ಷದ ಅನುಭವ ತೋರಿಸಿ ಕೊಡುತ್ತೇವೆ’ ಎನ್ನುವವರಿಂದ ದೂರ ಇರಿ. ಕಂಪನಿಗಳು ಹಿನ್ನೆಲೆ ಪರಿಶೀಲನೆಯಲ್ಲಿ ನಿಮ್ಮ ಪಿಎಫ್‌ನ ಯುಎಎನ್ ತೆರೆಸಿ ನೋಡುತ್ತವೆ. ಯಾವ ತಿಂಗಳು ಯಾವ ಕಂಪನಿ ಪಿಎಫ್ ಕಟ್ಟಿದೆ ಎಂಬುದೆಲ್ಲ ಅಲ್ಲಿದೆ. ಸುಳ್ಳು ಅನುಭವ ಸಿಕ್ಕಿಬಿದ್ದರೆ ಹೊಸ ಕೆಲಸ ಹೋಗುತ್ತದೆ, ಹಳೆಯ ಕೆಲಸವನ್ನು ಆಗಲೇ ಬಿಟ್ಟಿರುತ್ತೀರಿ. ನಿಮ್ಮ ನಿಜವಾದ ಐದು ವರ್ಷದ ಲೆಕ್ಕಪತ್ರದ ಅನುಭವವನ್ನೇ ರೆಸ್ಯೂಮೆಯ ತಲೆಯಲ್ಲಿ ಬರೆಯಿರಿ.

ಕೈಯಲ್ಲಿ ಆಫರ್ ಪತ್ರ ಬಂದ ಮೇಲೆಯೇ ರಾಜೀನಾಮೆ ಕೊಡಿ, ಅದಕ್ಕೂ ಮೊದಲು ಹಳೆಯ ನೇಮಕಾತಿ ಪತ್ರ ತೆಗೆದು ನೋಟಿಸ್ ಅವಧಿ ಎಷ್ಟು ಎಂದು ನೋಡಿ. ಬ್ಯಾಂಕಿನವರಾದರೆ ಬಾಂಡ್ ಕೂಡ ಓದಿ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇಯಲ್ಲಿ ಎತ್ತಿಹಿಡಿದಿದೆ. ನಿಮ್ಮ ಬಾಂಡ್ ಮುಗಿಯಲು ಆರೇಳು ತಿಂಗಳು ಬಾಕಿ ಇದ್ದರೆ ಸ್ಕ್ರ್ಯಾಚ್ ಪಾಠವನ್ನು ಈ ಭಾನುವಾರವೇ ಶುರುಮಾಡಬಹುದು.